ಐವತ್ತು ರೂಪಾಯಿ, ಏಳು ಸಹಿ, ಮೂರನೆಯ ಭಾನುವಾರ

ಮೊದಲ ಭಾನುವಾರ ನಾವು ಹತ್ತೊಂಬತ್ತು ಮಂದಿ ಇದ್ದೆವು. ಊರಾಚೆಯ ವಿದ್ಯಾರ್ಥಿನಿಲಯವೊಂದರಲ್ಲಿ ಏಳನೆಯ ತರಗತಿಯ ಹುಡುಗರಿಗೆ ಗಣಿತ ಹೇಳಿಕೊಡುವುದೆಂದು ತೀರ್ಮಾನವಾಗಿತ್ತು. ಬಾಳೆಹಣ್ಣು, ಬಿಸ್ಕತ್ತು, ಎರಡು ಹೊಸ ಕರಿಹಲಗೆ, ಒಂದು ಪೆಟ್ಟಿಗೆ ಸೀಮೆಸುಣ್ಣ. ಕಲಿಸುವವರಿಗಿಂತ ಫೋಟೊ ತೆಗೆಯುವವರೇ ಹೆಚ್ಚು. ಎರಡನೆಯ ಭಾನುವಾರ ಎಂಟು ಮಂದಿ ಹೋದೆವು. ಮೂರನೆಯ ಭಾನುವಾರ ಇಬ್ಬರು, ಅದರಲ್ಲಿ ಒಬ್ಬನಿಗೆ ಜ್ವರ. ಹುಡುಗರು ಮಾತ್ರ ಮೂರು ವಾರವೂ ಹತ್ತೊಂಬತ್ತು ಕುರ್ಚಿ ಹಾಕಿಯೇ ಕಾದಿದ್ದರು. ಆ ದಿನ ಭಿನ್ನರಾಶಿ ಕೂಡುವುದನ್ನು ನಾನು ಹೇಳಿಕೊಡಬೇಕಾಯಿತು. ಹಿಂದಿನ ವಾರ ಅದನ್ನು ಅರ್ಧಕ್ಕೆ ನಿಲ್ಲಿಸಿ ಹೋಗಿದ್ದ ಕನ್ನಡಕದ ಅಕ್ಕ ಎಲ್ಲಿ ಎಂದು ಒಬ್ಬ ಹುಡುಗ ಎರಡು ಸಲ ಕೇಳಿದ.

ಆರಂಭಶೂರ ಎಂಬ ಪದ ನಮ್ಮ ಭಾಷೆಯಲ್ಲಿ ಸುಮ್ಮನೆ ಹುಟ್ಟಿಲ್ಲ. ಇಪ್ಪತ್ತರ ಹರೆಯದ ಗೆಳೆಯರು ಕೂಡಿ ಸಮಾಜಕ್ಕೆ ಏನಾದರೂ ಮಾಡೋಣ ಎಂದು ಹೊರಡುವುದು ಹೊಸದೂ ಅಲ್ಲ, ಅಪರೂಪವೂ ಅಲ್ಲ. ಬಹುಪಾಲು ಗುಂಪುಗಳು ಮೂರನೆಯ ಭಾನುವಾರದ ಹೊಸ್ತಿಲಲ್ಲೇ ಎಡವುತ್ತವೆ. ದಾಟಿದ ಕೆಲವು ಹೇಗೆ ದಾಟಿದವು, ಗೆಳೆಯರ ಬಳಗವೊಂದು ಸಂಸ್ಥೆಯಾಗುವುದೆಂದರೆ ಏನು, ಹೊಸ ಹುಡುಗ ಹುಡುಗಿಯರು ಅಲ್ಲಿಗೆ ಯಾಕೆ ಬರುತ್ತಾರೆ, ಬಂದವರು ಯಾಕೆ ಉಳಿಯುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬಹುದು. ಭಾಷಣಗಳಲ್ಲಿ ಕೇಳಿಬರುವ ಉತ್ತರ 'ಸ್ಫೂರ್ತಿ'. ನನ್ನ ಅನುಭವದಲ್ಲಿ ಉತ್ತರ ಬಹುಮಟ್ಟಿಗೆ ಹಾಜರಿ ಪುಸ್ತಕ, ರಸೀದಿ ಪುಸ್ತಕ ಮತ್ತು ನಡಾವಳಿ ಪುಸ್ತಕಗಳಲ್ಲಿದೆ.

ಮೊದಲು ಐವತ್ತು ರೂಪಾಯಿಯ ಕಥೆ. 1979ರಲ್ಲಿ ಮುಂಬೈಯಲ್ಲಿ ರಿಪ್ಪನ್ ಕಪೂರ್ ಎಂಬ ಇಪ್ಪತ್ತೈದರ ಯುವಕ ಆರು ಗೆಳೆಯರೊಂದಿಗೆ ಮನೆಯ ಊಟದ ಮೇಜಿನ ಸುತ್ತ ಕುಳಿತು ಒಂದು ಸಂಸ್ಥೆ ಕಟ್ಟಿದರು. ಕೈಯಲ್ಲಿದ್ದ ಬಂಡವಾಳ 50 ರೂಪಾಯಿ. ಕಪೂರ್ ಏರ್ ಇಂಡಿಯಾ ವಿಮಾನಗಳಲ್ಲಿ ಪರ್ಸರ್, ಅಂದರೆ ಪ್ರಯಾಣಿಕರನ್ನು ನೋಡಿಕೊಳ್ಳುವ ಸಿಬ್ಬಂದಿಯ ಮುಖ್ಯಸ್ಥ, ಆಗಿದ್ದವರು. ಅಂದು ಹುಟ್ಟಿದ್ದು ಮಕ್ಕಳ ಹಕ್ಕುಗಳಿಗಾಗಿ ದುಡಿಯುವ, ಇಂದು ದೇಶಕ್ಕೆಲ್ಲ ಗೊತ್ತಿರುವ 'ಕ್ರೈ'. ಐವತ್ತು ರೂಪಾಯಿಯ ಮಾತನ್ನೇ ಎಲ್ಲರೂ ಹೇಳುತ್ತಾರೆ, ಕೇಳುವುದಕ್ಕೂ ಚೆನ್ನಾಗಿರುತ್ತದೆ. ನನಗೆ ಮುಖ್ಯವೆನಿಸುವುದು ಅವರು ಏನು ಮಾಡುವುದಿಲ್ಲ ಎಂದು ತೀರ್ಮಾನಿಸಿದರು ಎಂಬುದು. ತಾವೇ ಶಾಲೆ, ಆಶ್ರಮಗಳನ್ನು ತೆರೆಯಲು ಅವರು ಹೋಗಲಿಲ್ಲ. ಹಳ್ಳಿಗಳಲ್ಲಿ, ಕೊಳೆಗೇರಿಗಳಲ್ಲಿ ಮಕ್ಕಳಿಗಾಗಿ ಆಗಲೇ ದುಡಿಯುತ್ತಿದ್ದ ಸಣ್ಣ ಸಣ್ಣ ಗುಂಪುಗಳಿಗೂ, ಕೊಡುವ ಮನಸ್ಸಿದ್ದರೂ ಯಾರಿಗೆ ಕೊಡಬೇಕೆಂದು ತಿಳಿಯದ ಪೇಟೆಯ ಜನರಿಗೂ ನಡುವೆ ಕೊಂಡಿಯಾದರು. ಶುಭಾಶಯ ಪತ್ರಗಳನ್ನು ಮಾರಿದರು. ಹಬ್ಬಕ್ಕೆ ಹೇಗೂ ಕೊಳ್ಳುವ ಕಾರ್ಡನ್ನು ಇವರಿಂದ ಕೊಂಡವನೂ ಆ ಕೆಲಸದಲ್ಲಿ ಪಾಲುದಾರನಾದ. ದೊಡ್ಡ ಕೆಲಸದೊಳಗೆ ಕಾಲಿಡಲು ಇಷ್ಟು ಚಿಕ್ಕ ಬಾಗಿಲು ಮಾಡಿಟ್ಟದ್ದು ಜಾಣತನ. 1994ರಲ್ಲಿ ಕಪೂರ್ ನಲವತ್ತರ ವಯಸ್ಸಿಗೇ ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ.

ಎರಡನೆಯದು ನಮ್ಮ ಮೈಸೂರಿನದು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಘ ಕಟ್ಟಿದರು. ಮುಂದಾಳು ಆರ್. ಬಾಲಸುಬ್ರಹ್ಮಣ್ಯಂ, ಆಗಿನ್ನೂ ಹತ್ತೊಂಬತ್ತು ವರ್ಷ. ಔಷಧಿ ಕೊಳ್ಳಲಾಗದ ಬಡ ರೋಗಿಗಳಿಗೆ ಔಷಧಿ ಒದಗಿಸುವುದು, ರಕ್ತದಾನ ಏರ್ಪಡಿಸುವುದು, ಬಿಡುವಿನ ದಿನ ಚಿಕಿತ್ಸಾ ಶಿಬಿರ ನಡೆಸುವುದು ಇಂಥ ಕೆಲಸಗಳಿಂದ ಶುರು. ಯಾವ ವೈದ್ಯಕೀಯ ಕಾಲೇಜಿನಲ್ಲಾದರೂ ಇಂಥದೊಂದು ಬಳಗ ಇದ್ದೇ ಇರುತ್ತದೆ. ಪದವಿ ಮುಗಿದ ದಿನ ಅದೂ ಮುಗಿಯುತ್ತದೆ. ಇವರು ಪದವಿ ಮುಗಿಸಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಗೆ ಹೋದರು. ಕಬಿನಿ ಜಲಾಶಯಕ್ಕೂ ಹುಲಿ ಸಂರಕ್ಷಣೆಯ ಕಾಡಿಗೂ ನೆಲ ಬಿಟ್ಟುಕೊಟ್ಟು ಅಂಚಿಗೆ ಬಂದಿದ್ದ ಜೇನುಕುರುಬ, ಕಾಡುಕುರುಬ ಜನರ ನಡುವೆ ಒಂದು ಚಿಕ್ಕ ಚಿಕಿತ್ಸಾಲಯ. ಮುಂದೆ ದನದ ಕೊಟ್ಟಿಗೆಯೊಂದರಲ್ಲಿ ಮಕ್ಕಳಿಗೆ ಪಾಠ. ಆ ಕೊಟ್ಟಿಗೆಯ ಪಾಠ ಹೊಸಹಳ್ಳಿಯ ಗಿರಿಜನ ಶಾಲೆಯಾಗಿ ಬೆಳೆಯಿತು. ಚಿಕಿತ್ಸಾಲಯ ಕೆಂಚನಹಳ್ಳಿ, ಸರಗೂರುಗಳ ಆಸ್ಪತ್ರೆಗಳಾಯಿತು.

ಗಮನಿಸಬೇಕಾದದ್ದು ಇಲ್ಲಿದೆ. ಔಷಧಿ ಕೊಡಲು ಹೋದವರು ಶಾಲೆ ತೆರೆದರು. ಕಾಲೇಜಿನ ಕೋಣೆಯಲ್ಲಿ ಕುಳಿತು ಹಾಕಿಕೊಂಡ ಯೋಜನೆ ಹಾಡಿಯ ಅಂಗಳದಲ್ಲಿ ಬದಲಾಯಿತು. ಮಗುವಿಗೆ ಮತ್ತೆ ಮತ್ತೆ ಬರುವ ಭೇದಿಗೆ ಮಾತ್ರೆ ಕೊಡುತ್ತಲೇ ಇರಬಹುದು. ನೀರು, ಅನ್ನ, ನೆಲ, ಅಕ್ಷರ ಎಲ್ಲವೂ ಆ ಭೇದಿಯ ಹಿಂದೆ ಇವೆ ಎಂಬುದು ಅಲ್ಲಿಯೇ ಇದ್ದವರಿಗೆ ಮಾತ್ರ ತಿಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರ ದಾರಿಯೂ ಹೀಗೆಯೇ ವೈದ್ಯದಿಂದ ಶಿಕ್ಷಣಕ್ಕೆ, ಶಿಕ್ಷಣದಿಂದ ಅರಣ್ಯದ ಹಕ್ಕಿಗೆ ಹರಿಯಿತು. ಸಂಸ್ಥಾಪಕರ ಯೌವನ ಇಲ್ಲಿ ಕೆಲಸಕ್ಕೆ ಬರುವುದು ಹುಮ್ಮಸ್ಸಿನ ರೂಪದಲ್ಲಿ ಮಾತ್ರ ಅಲ್ಲ. ತನ್ನ ಮೊದಲ ಯೋಜನೆ ತಪ್ಪು ಎಂದು ಒಪ್ಪಿಕೊಳ್ಳಲು ಇಪ್ಪತ್ತೆರಡರಲ್ಲಿ ಆಗುವ ನಷ್ಟ ಐವತ್ತೆರಡರಲ್ಲಿ ಆಗುವುದಕ್ಕಿಂತ ಕಡಿಮೆ.

ಹಾಗೆಂದು ಯಾರು ಬೇಕಾದರೂ ಸಂಸ್ಥೆ ಕಟ್ಟಬಹುದು ಎಂಬ ಮಾತನ್ನು ನಾನು ನಂಬುವುದಿಲ್ಲ. ವೈದ್ಯಕೀಯ ಪದವಿ ಇದ್ದವನಿಗೆ ಸೋತರೂ ಒಂದು ನೆಲೆ ಇರುತ್ತದೆ. ತಿಂಗಳ ಸಂಬಳವನ್ನು ಊರಿಗೆ ಕಳಿಸಲೇಬೇಕಾದ ಮನೆಯ ಹಿರಿಯ ಮಗಳಿಗೆ ಆ ನೆಲೆ ಇಲ್ಲ. ಸಮಸ್ಯೆಯನ್ನು ಹತ್ತಿರದಿಂದ ಬಲ್ಲವರು ಹೆಚ್ಚಾಗಿ ಅಂಥ ಮನೆಗಳಿಂದಲೇ ಬರುತ್ತಾರೆ ಎಂಬುದು ಈ ಕ್ಷೇತ್ರದ ದೊಡ್ಡ ತೊಡಕು. 2009ರಲ್ಲಿ ಮುಂಬೈ, ಪುಣೆಗಳಲ್ಲಿ ಯುವ ಶಿಕ್ಷಕರ ಮೊದಲ ತಂಡವನ್ನು ಬಡ ಮಕ್ಕಳ ತರಗತಿಗೆ ಕಳಿಸಿದ ಟೀಚ್ ಫಾರ್ ಇಂಡಿಯಾದಂಥ ಸಂಸ್ಥೆಗಳು ಎರಡು ವರ್ಷದ ಫೆಲೋಶಿಪ್‌ಗೆ ಸಂಬಳ ಕೊಡುವುದು ಈ ತೊಡಕಿಗೆ ಒಂದು ಉತ್ತರ, ಪೂರ್ಣ ಉತ್ತರವಲ್ಲ. ಬೆಂಗಳೂರಿನ ಐಐಎಂನಲ್ಲಿರುವ ಎನ್‌ಎಸ್‌ಆರ್‌ಸಿಇಎಲ್‌ನಂಥ ಪೋಷಣಾ ಕೇಂದ್ರಗಳು ವ್ಯಾಪಾರದ ನವೋದ್ಯಮಗಳ ಜೊತೆಗೆ ಸೇವಾಸಂಸ್ಥೆ ಕಟ್ಟುವವರಿಗೂ ಮಾರ್ಗದರ್ಶನ ಕೊಡುತ್ತವೆ. ಅಲ್ಲಿಯ ಅರ್ಜಿಯ ಭಾಷೆ ಮಾತ್ರ ಇನ್ನೂ ಇಂಗ್ಲಿಷಿನದೇ.

ಇನ್ನು ಏಳು ಸಹಿ. 'ಲಾಭರಹಿತ' ಎಂಬ ಪದವೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಸಂಸ್ಥೆಯಲ್ಲಿ ವರ್ಷದ ಕೊನೆಗೆ ಹಣ ಉಳಿಯಬಾರದು, ಯಾರೂ ಸಂಬಳ ಪಡೆಯಬಾರದು ಎಂದೆಲ್ಲ ಅರ್ಥಮಾಡಿಕೊಳ್ಳುತ್ತಾರೆ. ಹಾಗಲ್ಲ. ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಷ್ಟೇ. ಉಳಿಕೆ ಮತ್ತೆ ಅದೇ ಉದ್ದೇಶಕ್ಕೆ ಹೋಗಬೇಕು. ದುಡಿಯುವವರಿಗೆ ಸಂಬಳ ಕೊಡಬಹುದು, ಕೊಡಲೇಬೇಕು.

ಕರ್ನಾಟಕದಲ್ಲಿ ಇಂಥ ಸಂಸ್ಥೆಯನ್ನು ನೋಂದಾಯಿಸಲು ಮೂರು ದಾರಿಗಳಿವೆ. ಒಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಸಂಘ. ಇದಕ್ಕೆ ಕನಿಷ್ಠ ಏಳು ವಯಸ್ಕರು ಬೇಕು. ಉದ್ದೇಶ, ಬೈಲಾ ಎಂಬ ಒಳನಿಯಮಗಳು, ಆಡಳಿತ ಮಂಡಳಿ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪತ್ರವನ್ನು ಸಹಕಾರ ಇಲಾಖೆಯ ನೋಂದಣಾಧಿಕಾರಿಗೆ ಸಲ್ಲಿಸುವುದು. ಹಳ್ಳಿಹಳ್ಳಿಯ ಯುವಕ ಸಂಘಗಳೆಲ್ಲ ಬಹುತೇಕ ಈ ಬಗೆಯವೇ. ಎರಡು, ಟ್ರಸ್ಟ್. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನ್ಯಾಸಪತ್ರ ನೋಂದಾಯಿಸಿದರೆ ಆಯಿತು. ಬೇಗ ಆಗುತ್ತದೆ, ಚುನಾವಣೆಯ ರಗಳೆ ಇಲ್ಲ. ಮೂರು, 2013ರ ಕಂಪನಿ ಕಾಯ್ದೆಯ 8ನೆಯ ಸೆಕ್ಷನ್ನಿನ ಕಂಪನಿ. ಕಾಗದಪತ್ರ ಹೆಚ್ಚು, ದೊಡ್ಡ ದಾನಿಗಳ ವಿಶ್ವಾಸವೂ ಹೆಚ್ಚು. ಇಪ್ಪತ್ತರ ಹುಡುಗರು ಸಾಮಾನ್ಯವಾಗಿ ಟ್ರಸ್ಟ್ ಕಡೆ ವಾಲುತ್ತಾರೆ, ಅದು ಸುಲಭ ಎಂಬ ಕಾರಣಕ್ಕೆ. ನನ್ನ ಒಲವು ಸಂಘದ ಕಡೆಗೆ. ಏಳು ಮಂದಿಯನ್ನು ವರ್ಷಕ್ಕೊಮ್ಮೆ ಒಂದೆಡೆ ಕೂರಿಸಿ, ಲೆಕ್ಕ ಓದಿ, ಜಗಳವಾಡಿ, ಠರಾವು ಬರೆದು ಸಹಿ ಹಾಕಿಸುವ ಆ ಕಷ್ಟವೇ ಸಂಸ್ಥಾಪಕನ ಸಂಸ್ಥೆಯನ್ನು ಎಲ್ಲರ ಸಂಸ್ಥೆಯಾಗಿಸುತ್ತದೆ. ಬೀದಿಯ ಗಣೇಶೋತ್ಸವ ಸಮಿತಿಯಲ್ಲಿ ರಸೀದಿ ಹರಿದು, ಪೆಂಡಾಲಿನವನಿಗೆ ಹಣ ಚುಕ್ತಾ ಮಾಡಿ, ಉಳಿದ 340 ರೂಪಾಯಿಯ ಬಗ್ಗೆ ರಾತ್ರಿ ಹನ್ನೊಂದರವರೆಗೆ ವಾದಿಸಿದವನಿಗೆ ಇದೆಲ್ಲ ಹೊಸದಾಗಿ ಕಲಿಸಬೇಕಾಗಿಲ್ಲ.

ಹಣದ ಮಾತು ಬಂತು. ನಮ್ಮ ಬಳಗ ನೋಂದಣಿ ಮಾಡಿಸಿರಲಿಲ್ಲ. ದಾನದ ಹಣವೆಲ್ಲ ಒಬ್ಬ ಗೆಳೆಯನ ಸ್ವಂತ ಖಾತೆಗೆ ಬರುತ್ತಿತ್ತು, ಅವನು ಪ್ರಾಮಾಣಿಕ ಎಂಬ ಒಂದೇ ಅರ್ಹತೆಯ ಮೇಲೆ. ಆರು ತಿಂಗಳಾದ ಮೇಲೆ ದಾನಿಯೊಬ್ಬರು ಲೆಕ್ಕ ಕೇಳಿದರು. ಅವನ ಬಾಡಿಗೆ, ಅವನ ತಂಗಿಯ ಶುಲ್ಕ, ನಮ್ಮ ಸೀಮೆಸುಣ್ಣ ಎಲ್ಲ ಒಂದೇ ಪಾಸ್‌ಬುಕ್ಕಿನಲ್ಲಿ ಕಲಸಿಹೋಗಿದ್ದವು. ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ. ಆದರೆ ಅದನ್ನು ತೋರಿಸಿಕೊಡುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂದಿತ್ತು. ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ಇಬ್ಬರ ಸಹಿ, ಪ್ರತಿ ಹಣಕ್ಕೂ ರಸೀದಿ, ಇವು ಕಳ್ಳರನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಪ್ರಾಮಾಣಿಕರನ್ನು ಕಾಪಾಡುವುದಕ್ಕೆ ಇವೆ.

ಉಳಿದ ನಿಯಮಗಳನ್ನು ಚುಟುಕಾಗಿ ಹೇಳುತ್ತೇನೆ. ಆದಾಯ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿ ಬೇಕು. ಜನರ ಬಾಯಲ್ಲಿ 12ಎ, 80ಜಿ ಎಂದೇ ನಿಂತಿರುವ ಎರಡರಲ್ಲಿ ಮೊದಲನೆಯದು ಸಂಸ್ಥೆಯ ಆದಾಯಕ್ಕೆ ವಿನಾಯಿತಿ, ಎರಡನೆಯದು ದಾನಿಗೆ ರಿಯಾಯಿತಿ. ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೇ ಬಳಸಬೇಕೆಂಬುದು ಸಾಮಾನ್ಯ ನಿಯಮ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ದಾನಿಗೆ ರಿಯಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿಯಲ್ಲಿರುವ ದಾನಿಗಂತೂ ಅದು ಇಲ್ಲವೇ ಇಲ್ಲ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಹಣ ಪಡೆಯಲು ಸಂಸ್ಥೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕೆಲಸದ ದಾಖಲೆ ಇರಬೇಕು. ಹಾಗಾಗಿ ಮೊದಲ ಮೂರು ವರ್ಷ ಸಂಸ್ಥೆ ಬದುಕುವುದು ನೆಂಟರ, ಗೆಳೆಯರ, ಕಾಲೇಜಿನ ಮೇಷ್ಟರ ಹಣದಲ್ಲಿ. ವಿದೇಶಿ ಹಣದ ಕಾಯ್ದೆ ಇನ್ನೂ ಬಿಗಿ. ಅದರ ನೋಂದಣಿಗೂ ಮೂರು ವರ್ಷದ ಅಸ್ತಿತ್ವ ಮತ್ತು ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ವೆಚ್ಚ ಬೇಕು. 2020ರ ತಿದ್ದುಪಡಿಯ ನಂತರ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ಮೀರಬಾರದು. ಹೊರದೇಶದ ಕನ್ನಡಿಗರು ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು: ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ, ಅಮೆರಿಕದ ಪೌರತ್ವ ಪಡೆದ ಅದೇ ಊರಿನ ಅಣ್ಣ ಕೊಟ್ಟದ್ದು ವಿದೇಶಿ ದೇಣಿಗೆ.

ಈ ತಲೆನೋವೇ ಬೇಡ ಎಂದವರೂ ಇದ್ದಾರೆ. 2014ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ನೀಲ್ ಘೋಷ್ ಮತ್ತು ಗೆಳೆಯರು ಹೋಟೆಲುಗಳಲ್ಲಿ ಮಿಕ್ಕ ಊಟವನ್ನು ಬೀದಿಯಲ್ಲಿ ಹಸಿದವರಿಗೆ ತಲುಪಿಸಲು ಶುರುಮಾಡಿದರು. ಪೋರ್ಚುಗಲ್ಲಿನಲ್ಲಿ ಅಂಥದೊಂದು ವ್ಯವಸ್ಥೆಯನ್ನು ಘೋಷ್ ಕಂಡಿದ್ದರು. ಇವರ ರಾಬಿನ್ ಹುಡ್ ಆರ್ಮಿಯ ಮುಖ್ಯ ನಿಯಮ ಹಣ ಮುಟ್ಟುವಂತಿಲ್ಲ ಎಂಬುದು. ದಾನ ಕೊಡಲು ಬಂದವರಿಗೆ ಊಟ ಕೊಡಿ ಅಥವಾ ನಿಮ್ಮ ಸಂಜೆ ಕೊಡಿ ಎನ್ನುತ್ತಾರೆ. ಹಣವೇ ಇಲ್ಲದ ಮೇಲೆ ಲೆಕ್ಕವಿಲ್ಲ, ಅನುಮಾನವಿಲ್ಲ, ಪದಾಧಿಕಾರಿಗಳ ಜಗಳ ಅಷ್ಟಾಗಿ ಇಲ್ಲ. ಒಂದು ಊರಿನ ಮಾದರಿಯನ್ನು ಇನ್ನೊಂದು ಊರು ಮೊಬೈಲಿನಲ್ಲೇ ಎತ್ತಿಕೊಂಡಿತು. ಗಡಿಯಾಚೆ ಕರಾಚಿಯಲ್ಲಿಯೂ ಶುರುವಾಯಿತು. ಆದರೆ ಈ ದಾರಿ ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ. ಅನ್ನ ಒಂದು ರಾತ್ರಿಯ ಕೆಲಸ. ಆಸ್ಪತ್ರೆಗೆ ನರ್ಸ್ ಬೇಕು, ನರ್ಸ್‌ಗೆ ಸಂಬಳ ಬೇಕು.

ಸ್ವಯಂಸೇವಕರ ವಿಷಯಕ್ಕೆ ಬಂದರೆ, ಈಗಿನ ಹುಡುಗರೇ ಮೊದಲಿಗರು ಎಂಬಂತೆ ಬರೆಯುವವರು ಹುಬ್ಬಳ್ಳಿಯನ್ನು ಮರೆತಿರುತ್ತಾರೆ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದಾಗ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರು ಬರೆದುಕೊಡಲಿಲ್ಲ. ಅವರನ್ನು ತಯಾರು ಮಾಡಿದ್ದವರು ಅಮೆರಿಕದಲ್ಲಿ ಓದಿ ಬಂದಿದ್ದ, ಮೂವತ್ತು ದಾಟಿದ್ದ ಡಾ. ನಾ. ಸು. ಹರ್ಡೀಕರ. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆಯಾಗಿ ಹಿಂದೂಸ್ಥಾನಿ ಸೇವಾದಳ ಹುಟ್ಟಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಸೇವಾಕಾರ್ಯವನ್ನು ಈ ಪಡೆ ಹೊತ್ತಿತು. ಮಹಿಳಾ ಸೇವಿಕೆಯರನ್ನು ಉಮಾಬಾಯಿ ಕುಂದಾಪುರ ಮುನ್ನಡೆಸಿದರು. ಹರ್ಡೀಕರರು ನಂಬಿದ್ದು ಭಾವೋದ್ರೇಕವನ್ನಲ್ಲ, ಕವಾಯತನ್ನು. ಸ್ವತಂತ್ರ ಭಾರತದಲ್ಲಿ ಆ ಪಾತ್ರ ರಾಷ್ಟ್ರೀಯ ಸೇವಾ ಯೋಜನೆಗೆ ಬಂತು. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ಏಳು ದಿನದ ಶಿಬಿರ. ಹಳ್ಳಿ ಶಾಲೆಯ ನೆಲದಲ್ಲಿ ಮಲಗಿ, ಹಗಲು ಚರಂಡಿ ತೋಡಿ, ಸಂಜೆ ನಾಟಕ ಆಡಿದ ನೆನಪು ನಮ್ಮಲ್ಲಿ ಲಕ್ಷಾಂತರ ಜನರಿಗಿದೆ. ಎಂಟನೆಯ ದಿನ ಆ ಚರಂಡಿಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಶಿಬಿರಾಧಿಕಾರಿ ಕೇಳುತ್ತಿರಲಿಲ್ಲ.

ಹೊಸ ಪೀಳಿಗೆ ಹೇಗೆ ಬರುತ್ತದೆ ಎಂಬುದಕ್ಕೆ ಬೆಂಗಳೂರಿನ 'ದಿ ಅಗ್ಲಿ ಇಂಡಿಯನ್' ಒಳ್ಳೆಯ ಪಾಠ. ಚರ್ಚ್ ಸ್ಟ್ರೀಟಿನ ಕಸದ ಮೂಲೆಗಳಿಂದ ಶುರುವಾದ ಈ ಗುಂಪಿನಲ್ಲಿ ಸಂಸ್ಥಾಪಕರ ಹೆಸರೇ ಹೊರಗೆ ಬರುವುದಿಲ್ಲ. 'ಕೆಲಸ ಚಾಲೂ, ಬಾಯಿ ಬಂದ್' ಎಂಬರ್ಥದ ಹಿಂದಿ ಮಾತು ಇವರ ಘೋಷಣೆ. ಬೆಳಿಗ್ಗೆ ಬಂದು ಕಸ ಎತ್ತಿ, ಗೋಡೆಯ ಕೆಳಭಾಗಕ್ಕೆ ಇಟ್ಟಿಗೆಗೆಂಪು ಬಳಿದು, ಹೂಕುಂಡ ಇಟ್ಟರೆ ಕೆಲಸ ಮುಗಿಯಿತು. ಮೇಲ್ಸೇತುವೆಯ ಕಂಬಗಳ ಮೇಲಿನ ತ್ರಿಕೋನಗಳನ್ನು ನೀವೂ ನೋಡಿರುತ್ತೀರಿ. ಬಂದವನು ಮಧ್ಯಾಹ್ನದ ಊಟಕ್ಕೆ ಮೊದಲೇ ತನ್ನ ಕೆಲಸದ ಫಲವನ್ನು ಕಣ್ಣಾರೆ ಕಾಣುತ್ತಾನೆ. ಮುಂದಿನ ವಾರ ಬರದಿದ್ದರೂ ಯಾರಿಗೂ ನೋವಾಗುವುದಿಲ್ಲ.

ಮಕ್ಕಳ ಕೆಲಸ ಹಾಗಲ್ಲ. ಭಿನ್ನರಾಶಿ ಕಲಿತದ್ದರ ಫಲ ಕಾಣಲು ವರ್ಷಗಳು ಬೇಕು, ಬಾರದವರ ಕುರ್ಚಿ ಮಾತ್ರ ಅದೇ ವಾರ ಕಾಣುತ್ತದೆ. ನಾವು ಮಾಡಿದ ತಪ್ಪು ಇದೇ: ಒಂದು ಬೆಳಗಿನ ಮನಸ್ಸಿನವರನ್ನು ಒಂದು ವರ್ಷದ ಕೆಲಸಕ್ಕೆ ಕರೆದೆವು. ಅನುಭವವಿರುವ ಸಂಸ್ಥೆಗಳು ಪಾಠಕ್ಕೆ ಬರುವವರಿಂದ ಮೊದಲೇ ಇಡೀ ಶೈಕ್ಷಣಿಕ ವರ್ಷದ ಮಾತು ತೆಗೆದುಕೊಳ್ಳುತ್ತವೆ, ಸಂದರ್ಶನ ಮಾಡುತ್ತವೆ, ಹಿನ್ನೆಲೆ ಪರಿಶೀಲಿಸುತ್ತವೆ. ಮಕ್ಕಳ ಜೊತೆಗಿನ ಕೆಲಸದಲ್ಲಿ ಈ ಕೊನೆಯದನ್ನು ಬಿಡುವಂತೆಯೇ ಇಲ್ಲ. ಬೇಡ ಎಂದು ಕೆಲವರನ್ನು ವಾಪಸ್ ಕಳಿಸುತ್ತವೆ ಕೂಡ. ವಾರ ವಾರ ಬರಲಾಗದವರಿಗೆ ಬೇರೆ ಕೆಲಸ ಇಡುತ್ತವೆ: ಲೆಕ್ಕ ಬರೆಯುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಪುಸ್ತಕಕ್ಕೆ ರಟ್ಟು ಹಾಕುವುದು. ಇಲ್ಲಿ ಸಂಸ್ಥಾಪಕನ ವರ್ಚಸ್ಸಿಗಿಂತ ಒಬ್ಬ ಸಂಯೋಜಕಿಯ ಶುಕ್ರವಾರ ಸಂಜೆಯ ಫೋನ್ ಕರೆ ದೊಡ್ಡದು. 'ಭಾನುವಾರ ನಿಮ್ಮ ಸರದಿ, ನಾಲ್ಕನೆಯ ಅಧ್ಯಾಯ, ಬರುತ್ತೀರಲ್ಲ?' ಹೆಸರು ಹಿಡಿದು, ಕೆಲಸ ಹೇಳಿ ಕರೆದರೆ ಜನ ಬರುತ್ತಾರೆ. 'ಆಸಕ್ತರು ಬನ್ನಿ' ಎಂದು ಗುಂಪಿಗೆ ಸಂದೇಶ ಹಾಕಿದರೆ ಹೆಬ್ಬೆರಳಿನ ಚಿತ್ರಗಳು ಬರುತ್ತವೆ.

ಸಂಸ್ಥಾಪಕರ ಕೊನೆಯ ಪರೀಕ್ಷೆ ಬಿಡುವುದು. ಬಾಲಸುಬ್ರಹ್ಮಣ್ಯಂ ತಾವು ಕಟ್ಟಿದ ಯೂತ್ ಮೂವ್‌ಮೆಂಟಿನ ಚುಕ್ಕಾಣಿಯನ್ನು ಜೊತೆಗಾರರಿಗೆ ಬಿಟ್ಟು ಬೇರೆ ಕೆಲಸಗಳಿಗೆ ಹೋದರು. 2021ರಲ್ಲಿ ಸರ್ಕಾರಿ ನೌಕರರ ತರಬೇತಿಯನ್ನು ನೋಡಿಕೊಳ್ಳುವ ದೆಹಲಿಯ ಸಾಮರ್ಥ್ಯ ವೃದ್ಧಿ ಆಯೋಗದ ಸದಸ್ಯರಾದರು. ಆಸ್ಪತ್ರೆ, ಶಾಲೆಗಳು ನಡೆಯುತ್ತಿವೆ. ಎಲ್ಲ ಕಡೆ ಹೀಗಾಗುವುದಿಲ್ಲ. ದಾನಿಗಳ ಫೋನ್ ನಂಬರು, ಊರಿನವರ ವಿಶ್ವಾಸ, ಬ್ಯಾಂಕಿನ ಸಹಿ ಎಲ್ಲವೂ ಒಬ್ಬನ ಜೇಬಿನಲ್ಲಿದ್ದರೆ ಅವನು ಮದುವೆಯಾಗಿ ಊರು ಬಿಟ್ಟ ದಿನ ಸಂಸ್ಥೆಯೂ ಊರು ಬಿಡುತ್ತದೆ.

ಕಾನೂನು ಇದನ್ನೂ ಮೊದಲ ದಿನವೇ ಯೋಚಿಸಲು ಹೇಳುತ್ತದೆ. ಬೈಲಾದ ಕೊನೆಯಲ್ಲಿ ವಿಸರ್ಜನೆಯ ಕಲಮು ಇರುತ್ತದೆ: ಸಂಘ ಮುಚ್ಚಿದರೆ ಸಾಲ ತೀರಿಸಿ ಉಳಿದ ಆಸ್ತಿ ಸದಸ್ಯರಿಗೆ ಸೇರತಕ್ಕದ್ದಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗತಕ್ಕದ್ದು. ಇಪ್ಪತ್ತೆರಡರ ಏಳು ಮಂದಿ ಹೋಟೆಲಿನ ಕಲ್ಲುಮೇಜಿನ ಮೇಲೆ ಕಾಫಿ ಕುಡಿಯುತ್ತ ಇನ್ನೂ ಹುಟ್ಟದ ಸಂಸ್ಥೆಯ ಉಯಿಲು ಬರೆಯುವ ಗಳಿಗೆ ಅದು.

ನಮ್ಮ ಬಳಗಕ್ಕೆ ಬೈಲಾ ಇರಲಿಲ್ಲ, ಆದರೂ ಆ ಕಲಮನ್ನು ಪಾಲಿಸಿದೆವು. ಉಳಿದದ್ದು ಎರಡು ಕರಿಹಲಗೆ, ಮುಕ್ಕಾಲು ಪೆಟ್ಟಿಗೆ ಸೀಮೆಸುಣ್ಣ, ಒಂದು ಹಾಜರಿ ಪುಸ್ತಕ. ಎಲ್ಲವನ್ನೂ ವಿದ್ಯಾರ್ಥಿನಿಲಯಕ್ಕೇ ಕೊಟ್ಟು ಬಂದೆವು. ವಾರ್ಡನ್ ಒಂದು ಹಾಳೆಯಲ್ಲಿ ವಸ್ತುಗಳ ಪಟ್ಟಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿ ನಮಗೊಂದು ಪ್ರತಿ ಕೊಟ್ಟರು. ಆ ವರ್ಷವೆಲ್ಲ ನಮ್ಮ ಕೈಯಲ್ಲಿ ಉಳಿದ ಒಂದೇ ಸರಿಯಾದ ರಸೀದಿ ಅದು.